ಮೀನಿನ ಭ್ರೂಣ, ತಾಯಿಯ ಹಳೆಯ ಸಂದೇಶ ಮತ್ತು ಮಿರ್-430: ನನ್ನ ಅನುಭವ

ಜೀಬ್ರಾ ಮೀನಿನ ಮೊಟ್ಟೆ ಫಲಿತಗೊಂಡ ಮೇಲೆ ಮೊದಲ ಮೂರು ಗಂಟೆ ಭ್ರೂಣದ ಸ್ವಂತ ಜೀನ್‌ಗಳು ಹೆಚ್ಚುಕಡಿಮೆ ಸುಮ್ಮನೇ ಇರುತ್ತವೆ. ಅಷ್ಟು ಹೊತ್ತಿಗೆ ಒಂದು ಜೀವಕೋಶ ಸಾವಿರ ಆಗಿರುತ್ತದೆ. ಅಷ್ಟೂ ಕೆಲಸ ನಡೆಯುವುದು ತಾಯಿ ಕಟ್ಟಿಕೊಟ್ಟ ಬುತ್ತಿಯ ಮೇಲೆ. ಅಂದರೆ ಮೊಟ್ಟೆ ತಯಾರಾಗುವಾಗ ತಾಯಿ ಮೀನು ಅದರೊಳಗೆ ತುಂಬಿಟ್ಟ ಪ್ರೋಟೀನ್ ಮತ್ತು ಮೆಸೆಂಜರ್ ಆರ್‌ಎನ್‌ಎಗಳ ಮೇಲೆ. ಮೆಸೆಂಜರ್ ಆರ್‌ಎನ್‌ಎ ಅಂದರೆ ಪ್ರೋಟೀನ್ ತಯಾರಿಸಲು ಜೀನ್‌ನಿಂದ ತೆಗೆದ ನಕಲು, ಮುಂದೆ 'ಸಂದೇಶ' ಅನ್ನುವುದು ಇದನ್ನೇ. ಮೂರು ಗಂಟೆಯ ಆಸುಪಾಸಿನಲ್ಲಿ ಭ್ರೂಣದ ಜೀನ್‌ಗಳು ಜೋರಾಗಿ ಕೆಲಸ ಶುರು ಮಾಡುತ್ತವೆ. ಆಮೇಲೆ ತಾಯಿಯ ಹಳೆಯ ಸಂದೇಶಗಳು ಬಹಳಷ್ಟು ಹೋಗಬೇಕು. ಅವನ್ನು ತೆಗೆದುಹಾಕುವುದರಲ್ಲಿ ದೊಡ್ಡ ಪಾಲು ಮಿರ್-430 ಎಂಬ ಮೈಕ್ರೋ ಆರ್‌ಎನ್‌ಎ ಕುಟುಂಬದ್ದು.

ನನ್ನ ಮುಂದಿದ್ದ ಪ್ರಶ್ನೆ ಚಿಕ್ಕದು. ನಮ್ಮ ಗುಂಪು ನೋಡುತ್ತಿದ್ದ ಒಂದು ಜೀನ್‌ನ ಸಂದೇಶ ಮೊಟ್ಟೆಯಲ್ಲಿ ಬೇಕಾದಷ್ಟು ಇರುತ್ತದೆ, ಆರು ಗಂಟೆಯ ಭ್ರೂಣದಲ್ಲಿ ಹುಡುಕಿದರೂ ಸಿಗುವುದಿಲ್ಲ. ಆ ಸಂದೇಶದ ಕೊನೆಯ ಭಾಗದಲ್ಲಿ, ಪ್ರೋಟೀನಾಗಿ ಓದಿಸಿಕೊಳ್ಳದ ಆ ತುದಿಗೆ 3 ಪ್ರೈಮ್ ಯುಟಿಆರ್ ಅನ್ನುತ್ತೇವಲ್ಲ, ಅಲ್ಲಿ ಮಿರ್-430 ಅಂಟಿಕೊಳ್ಳುವಂಥ ಒಂದು ಜಾಗ ಇದೆ. ಹಾಗಾದರೆ ಅದನ್ನು ಅಳಿಸುತ್ತಿರುವುದು ಮಿರ್-430 ತಾನಾ? ಕಂಪ್ಯೂಟರ್ ಹೌದು ಅನ್ನುತ್ತದೆ. ಕಂಪ್ಯೂಟರ್ ಇನ್ನೂ ನೂರಾರು ಜೀನ್‌ಗಳಿಗೂ ಹೌದು ಅನ್ನುತ್ತದೆ. ಭ್ರೂಣದಲ್ಲೇ ಇದನ್ನು ಹೇಗೆ ಪರೀಕ್ಷೆ ಮಾಡಿದೆ, ಯಾವ ಫಲಿತಾಂಶವನ್ನು ಎಷ್ಟು ನಂಬಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ವಿಷಯ ಹೊಸದು ಅನ್ನುವವರಿಗೆ ಸ್ವಲ್ಪ ಹಿನ್ನೆಲೆ. ಮೈಕ್ರೋ ಆರ್‌ಎನ್‌ಎ ಅಂದರೆ ಸುಮಾರು 22 ಅಕ್ಷರದ (ಎ, ಯು, ಜಿ, ಸಿ ಎಂಬ ರಾಸಾಯನಿಕ ಘಟಕಗಳ) ಆರ್‌ಎನ್‌ಎ ತುಣುಕು. ಅದರಿಂದ ಪ್ರೋಟೀನ್ ತಯಾರಾಗುವುದಿಲ್ಲ. ಮೊದಲು ಉದ್ದದ ಆರ್‌ಎನ್‌ಎ ಬರುತ್ತದೆ. ಡ್ರೋಶಾ ಎಂಬ ಕಿಣ್ವ ಅದನ್ನು ಸುಮಾರು 70 ಅಕ್ಷರದ, ತನ್ನ ಮೇಲೇ ಮಡಚಿಕೊಂಡ ತುಂಡಾಗಿ ಕತ್ತರಿಸುತ್ತದೆ. ಡೈಸರ್ ಎಂಬ ಇನ್ನೊಂದು ಕಿಣ್ವ ಅದನ್ನು ಇನ್ನೂ ಚಿಕ್ಕದು ಮಾಡುತ್ತದೆ. ಕೊನೆಗೆ ಒಂದು ಎಳೆ ಆರ್ಗೋನಾಟ್ ಎಂಬ ಪ್ರೋಟೀನಿನೊಳಗೆ ಸೇರಿಕೊಂಡು ಹೊಂದುವ ಸಂದೇಶವನ್ನು ಹುಡುಕುತ್ತದೆ. ಇಡೀ 22 ಅಕ್ಷರ ಹೊಂದಬೇಕಾಗಿಲ್ಲ. 2ನೇ ಅಕ್ಷರದಿಂದ 8ನೇ ಅಕ್ಷರದವರೆಗಿನ 'ಸೀಡ್' ಭಾಗ ಹೊಂದಿದರೆ ಸಾಮಾನ್ಯವಾಗಿ ಸಾಕು. ಮಿರ್-430ರ ವಿಷಯದಲ್ಲಿ ನಾವು ಯುಟಿಆರ್‌ನಲ್ಲಿ ಹುಡುಕುವುದು ಜಿ-ಸಿ-ಎ-ಸಿ-ಯು-ಯು ಎಂಬ ಆರು ಅಕ್ಷರ. ಆರೇ ಅಕ್ಷರ ಆದ್ದರಿಂದ ಅದು ಎಲ್ಲೆಲ್ಲೂ ಸಿಗುತ್ತದೆ. ತೊಂದರೆ ಇರುವುದೇ ಅಲ್ಲಿ.

ಮೊದಲ ಮೈಕ್ರೋ ಆರ್‌ಎನ್‌ಎ, ಲಿನ್-4, ಸಿ. ಎಲಿಗನ್ಸ್ ಎಂಬ ಸಣ್ಣ ಹುಳುವಿನಲ್ಲಿ 1993ರಲ್ಲಿ ಸಿಕ್ಕಿತು. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರಿಗೆ 2024ರ ನೊಬೆಲ್ ಬಂದದ್ದು ಆ ಕೆಲಸಕ್ಕೇ. 2000ದಲ್ಲಿ ಲೆಟ್-7 ಎಂಬ ಇನ್ನೊಂದು ಮೈಕ್ರೋ ಆರ್‌ಎನ್‌ಎ ಹುಳುವಿನಿಂದ ಮನುಷ್ಯನವರೆಗೆ ಎಲ್ಲ ಕಡೆ ಇದೆ ಅಂತ ಗೊತ್ತಾಯಿತು. ಆ ಪಟ್ಟಿಯಲ್ಲಿ ಜೀಬ್ರಾ ಮೀನೂ ಇತ್ತು. ಮೀನಿನ ಭ್ರೂಣದ ಕಥೆ ನಿಜವಾಗಿ ಬಿಚ್ಚಿಕೊಂಡದ್ದು 2005 ಮತ್ತು 2006ರಲ್ಲಿ. ಆಂಟೊನಿಯೊ ಗಿರಾಲ್ಡೆಜ್, ಅಲೆಕ್ಸಾಂಡರ್ ಶಿಯರ್ ಮತ್ತು ಜೊತೆಯವರು ತಾಯಿಯಿಂದಲೂ ಡೈಸರ್ ಸಿಗದ, ಸ್ವಂತದ್ದೂ ಇಲ್ಲದ ಭ್ರೂಣಗಳನ್ನು ಮಾಡಿ ನೋಡಿದರು. ಎಲ್ಲ ಕೆಟ್ಟುಹೋಗುತ್ತದೆ ಅಂತ ಯಾರಾದರೂ ಊಹಿಸಬಹುದು. ಆದರೆ ತಲೆ ಯಾವ ಕಡೆ, ಬಾಲ ಯಾವ ಕಡೆ ಅನ್ನುವುದು ಸರಿಯಾಗಿಯೇ ತೀರ್ಮಾನವಾಗಿತ್ತು. ಸ್ನಾಯು, ನರ ಹೀಗೆ ಬಗೆಬಗೆಯ ಕೋಶಗಳೂ ಬಂದಿದ್ದವು. ಕೆಟ್ಟಿದ್ದು ಆಕಾರ. ಮಿದುಳಿನ ಒಳಗಿನ ಪೊಳ್ಳುಗಳು ಸರಿಯಾಗಿ ಆಗಿರಲಿಲ್ಲ. ಅಂಥ ಭ್ರೂಣಕ್ಕೆ ಹೊರಗಿನಿಂದ ಮಿರ್-430 ಒಂದನ್ನೇ ಚುಚ್ಚಿದರೆ ಮಿದುಳು ಬಹುಮಟ್ಟಿಗೆ ಸರಿಹೋಯಿತು. ಮರುವರ್ಷ, ಮಿರ್-430 ತಾಯಿಯ ನೂರಾರು ಸಂದೇಶಗಳ ಪಾಲಿ-ಎ ಬಾಲ, ಅಂದರೆ ತುದಿಯ ಎ ಅಕ್ಷರಗಳ ಸರಣಿ, ಕತ್ತರಿಸಿ ಅವನ್ನು ಬೇಗ ಕಳಚುತ್ತದೆ ಅಂತ ಅದೇ ಗುಂಪು ತೋರಿಸಿತು.

ಇನ್ನು ಬೆಂಚಿನ ಕೆಲಸಕ್ಕೆ ಬರೋಣ.

ಹಿಂದಿನ ದಿನ ಸಂಜೆ ಗಂಡು ಹೆಣ್ಣನ್ನು ಒಂದೇ ಸಣ್ಣ ತೊಟ್ಟಿಯಲ್ಲಿ ನಡುವೆ ಪಾರದರ್ಶಕ ತಡೆ ಇಟ್ಟು ಬಿಡುತ್ತೇನೆ. ಮೀನುಮನೆಯಲ್ಲಿ 14 ಗಂಟೆ ಬೆಳಕು, 10 ಗಂಟೆ ಕತ್ತಲು. ಬೆಳಗ್ಗೆ ದೀಪ ಹತ್ತಿದ ಮೇಲೆ ತಡೆ ತೆಗೆದರೆ ಸ್ವಲ್ಪ ಹೊತ್ತಿಗೆ ಮೊಟ್ಟೆ ಬೀಳುತ್ತವೆ. ತಳದ ಜಾಲರಿಯಿಂದ ಕೆಳಗಿಳಿಯುತ್ತವೆ, ಇಲ್ಲದಿದ್ದರೆ ಅಪ್ಪ ಅಮ್ಮನೇ ತಿಂದುಬಿಡುತ್ತಾರೆ. ಚಹಾ ಸೋಸುವ ಜಾಲರಿಯಲ್ಲಿ ಅವನ್ನು ಹಿಡಿದು, ತೊಳೆದು, ಇ3 ಎಂಬ, ಭ್ರೂಣ ಬೆಳೆಸುವ ತೆಳು ಉಪ್ಪುನೀರಿರುವ ಪೆಟ್ರಿ ಡಿಶ್‌ಗೆ ಹಾಕುವುದು. ನಾನು ಎಲ್ಲ ತೊಟ್ಟಿಗಳ ತಡೆಯನ್ನು ಒಟ್ಟಿಗೆ ತೆಗೆಯುವುದಿಲ್ಲ. ಒಂದೊಂದು ಜೋಡಿಗೂ ಇಪ್ಪತ್ತು ನಿಮಿಷ ಅಂತರ ಬಿಡುತ್ತೇನೆ. ಒಂದು ಜೋಡಿಯ ಮೊಟ್ಟೆಗಳನ್ನು ಇನ್ನೊಂದು ಜೋಡಿಯದರ ಜೊತೆ ಬೆರೆಸುವುದಿಲ್ಲ. ಹೋಲಿಕೆಗಿಟ್ಟ ಕಂಟ್ರೋಲ್ ಗುಂಪಾಗಲಿ, ಪರೀಕ್ಷೆಯ ಗುಂಪಾಗಲಿ, ಒಂದೇ ಜೋಡಿಯ ಮೊಟ್ಟೆಗಳಿಂದಲೇ ಬರಬೇಕು. ತಾಯಿಯಿಂದ ತಾಯಿಗೆ ಸಂದೇಶದ ಪ್ರಮಾಣದಲ್ಲಿ ವ್ಯತ್ಯಾಸ ಇರುತ್ತದೆ. ನಾವು ಅಳೆಯಲು ಹೊರಟಿರುವುದೇ ತಾಯಿಯ ಸಂದೇಶ, ಅಲ್ವಾ?

ಸಮಯದ ಲೆಕ್ಕ ಇಲ್ಲಿ ಎಲ್ಲಕ್ಕಿಂತ ಮುಖ್ಯ. 28.5 ಡಿಗ್ರಿಯಲ್ಲಿ ಮೊದಲ ವಿಭಜನೆ ಸುಮಾರು 45 ನಿಮಿಷಕ್ಕೆ. ಆಮೇಲೆ ಹದಿನೈದು ನಿಮಿಷಕ್ಕೊಂದು. ಒಂದು ಗಂಟೆಗೆ ನಾಲ್ಕು ಕೋಶ, ಎರಡು ಗಂಟೆಗೆ 64, ಮೂರು ಗಂಟೆಗೆ ಸಾವಿರ. ನಾಲ್ಕು ಗಂಟೆಗೆ ಗುಂಡಗಿನ ಸ್ಫಿಯರ್ ಹಂತ, ಆರು ಗಂಟೆಗೆ ಒಂದು ಬದಿಯಲ್ಲಿ ದಪ್ಪಗಾದ ಶೀಲ್ಡ್ ಹಂತ, ಹತ್ತು ಗಂಟೆಗೆ ಬಾಲದ ಮೊಗ್ಗು. ಚಾರ್ಲ್ಸ್ ಕಿಮ್ಮೆಲ್ ಮತ್ತು ಜೊತೆಯವರು 1995ರಲ್ಲಿ ಕೊಟ್ಟ ಈ ಹಂತಗಳ ಪಟ್ಟಿಯನ್ನೇ ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಉಷ್ಣತೆ ಇಳಿದರೆ ಗಡಿಯಾರ ನಿಧಾನವಾಗುತ್ತದೆ. ಅವರದೇ ಸೂತ್ರದ ಪ್ರಕಾರ 25 ಡಿಗ್ರಿಯಲ್ಲಿ ಆರು ಗಂಟೆಯ ಹಂತ ಮುಟ್ಟಲು ಸುಮಾರು ಏಳೂವರೆ ಗಂಟೆ ಬೇಕು. ಇಂಜೆಕ್ಷನ್ ಮಾಡುತ್ತಾ ಒಂದು ಡಿಶ್ ಮೇಜಿನ ಮೇಲೆ ಹೆಚ್ಚು ಹೊತ್ತು ಉಳಿದರೆ, ಇನ್ನೊಂದು ಇನ್‌ಕ್ಯುಬೇಟರಿನಲ್ಲಿ ಇದ್ದರೆ, ಮಧ್ಯಾಹ್ನದ ಹೊತ್ತಿಗೆ ಅವೆರಡರ ವಯಸ್ಸು ಬೇರೆ ಬೇರೆ ಆಗಿರುತ್ತದೆ.

ಇದರಿಂದ ಏನು ನಷ್ಟ ಅಂತ ಕೇಳಬಹುದು. ಹಿಂದೆ ಬಿದ್ದ ಭ್ರೂಣದಲ್ಲಿ ತಾಯಿಯ ಸಂದೇಶ ಜಾಸ್ತಿ ಉಳಿದಿರುತ್ತದೆ. ಮಿರ್-430 ಕೆಲಸ ಮಾಡದಿದ್ದಾಗಲೂ ತಾಯಿಯ ಸಂದೇಶ ಜಾಸ್ತಿ ಉಳಿದಿರುತ್ತದೆ. ಟ್ಯೂಬಿನಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. ಚುಚ್ಚಿದ ಯಾವುದೇ ವಸ್ತು ಭ್ರೂಣವನ್ನು ಸ್ವಲ್ಪ ನಿಧಾನ ಮಾಡಿದರೂ ಸಾಕು, ನಮಗೆ ಬೇಕಾದ ಉತ್ತರ ಸುಮ್ನೆ ಸಿಕ್ಕಿಬಿಡುತ್ತದೆ. ಈ ಕ್ಷೇತ್ರದಲ್ಲಿ ಗ್ರಾಫ್ ನೋಡುವಾಗ ನಾನು ಮೊದಲು ಕೇಳುವ ಪ್ರಶ್ನೆ, ಭ್ರೂಣಗಳನ್ನು ಆಯ್ದದ್ದು ಗಡಿಯಾರ ನೋಡಿಯೋ, ಆಕಾರ ನೋಡಿಯೋ ಅನ್ನುವುದು. ನಾನು ಆಕಾರ ನೋಡಿಯೇ ಆಯುತ್ತೇನೆ. ಕೋಶಗಳ ಪದರ ಮೊಟ್ಟೆಯೊಳಗಿನ ಹಳದಿಯ ಎಷ್ಟು ಭಾಗವನ್ನು ಮುಚ್ಚಿದೆ ಅಂತ ಒಂದೊಂದನ್ನೂ ಮೈಕ್ರೋಸ್ಕೋಪಿನಲ್ಲಿ ನೋಡಿ, ಹೊಂದಿದವನ್ನು ಮಾತ್ರ ಟ್ಯೂಬಿಗೆ ಹಾಕುತ್ತೇನೆ.

ಫಲಿತಗೊಳ್ಳದ ಮೊಟ್ಟೆಗಳದ್ದು ಇನ್ನೊಂದು ಕಾಟ. ಅವೂ ನೀರಿಗೆ ಬಿದ್ದೊಡನೆ ಉಬ್ಬುತ್ತವೆ, ಮೇಲ್ಗಡೆ ಕೋಶದಂಥದ್ದೇ ಗುಡ್ಡೆ ಕಾಣುತ್ತದೆ. ಅವುಗಳಲ್ಲಿ ಹೊಸ ಜೀನ್ ಏಳುವುದಿಲ್ಲ, ಮಿರ್-430 ಬರುವುದಿಲ್ಲ, ತಾಯಿಯ ಸಂದೇಶದಲ್ಲಿ ಬಹಳಷ್ಟು ಹಾಗೇ ಕೂತಿರುತ್ತದೆ. ಮೂವತ್ತರಲ್ಲಿ ಎರಡು ಮೂರು ಸೇರಿಕೊಂಡರೂ ಅಳತೆ ಹಾಳು. ಎಂಟು ಕೋಶದ ಹಂತದಲ್ಲಿ ಆಯ್ದು ತೆಗೆಯುವುದು ಸುಲಭ. ಆಗ ನಿಜವಾದ ಭ್ರೂಣದಲ್ಲಿ ನಾಲ್ಕು ನಾಲ್ಕು ಕೋಶಗಳ ಎರಡು ಸಾಲು ಅಚ್ಚುಕಟ್ಟಾಗಿ ಕಾಣುತ್ತದೆ. ಮೂರು ಗಂಟೆಯ ನಂತರ ಮತ್ತೊಮ್ಮೆ ನೋಡಿ, ನಿಂತುಹೋದವನ್ನು ತೆಗೆಯಬೇಕು.

ಸೂಜಿಯ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಅರ್ಧ ಪ್ರಯೋಗ ಅಲ್ಲೇ ಕೆಡುತ್ತದೆ. ಒಂದು ಮಿಲಿಮೀಟರ್ ದಪ್ಪದ, ಒಳಗೆ ತೆಳುವಾದ ಎಳೆ ಇರುವ ಬೋರೋಸಿಲಿಕೇಟ್ ಗಾಜಿನ ಕೊಳವೆಯನ್ನು ಪುಲ್ಲರ್ ಯಂತ್ರ ಕಾಯಿಸಿ ಎಳೆಯುತ್ತದೆ. ಬಂದ ಸೂಜಿಯ ತುದಿ ಮುಚ್ಚಿರುತ್ತದೆ. ಅದನ್ನು ನಂಬರ್ 5 ಫೋರ್ಸೆಪ್ಸಿನಿಂದ ಮುರಿಯಬೇಕು. ತುದಿಯನ್ನು ಬಗ್ಗುವಲ್ಲಿ ಚಿವುಟಿದರೆ ತೀರಾ ತೆಳ್ಳಗೆ ಉಳಿಯುತ್ತದೆ, ಭ್ರೂಣದ ಹೊರಪೊರೆ ಕೋರಿಯಾನ್ ಮೇಲೆ ಒತ್ತಿದಾಗ ಸೂಜಿ ಬಾಗುತ್ತದೆ. ಇನ್ನೂ ಮೇಲೆ ಚಿವುಟಿದರೆ ದಪ್ಪಗಾಗಿ, ಹೊರಬರುವಾಗ ಹಳದಿ ಸೋರುತ್ತದೆ. ನಾನು ಸ್ವಲ್ಪ ಓರೆಯಾಗಿ ಮುರಿಯುತ್ತೇನೆ. ಓರೆ ತುದಿ ಕೋರಿಯಾನನ್ನು ಸಲೀಸಾಗಿ ಕೊಯ್ದುಕೊಂಡು ಹೋಗುತ್ತದೆ.

ಆಮೇಲೆ ಹನಿಯ ಅಳತೆ. ಮೈಕ್ರೋಮೀಟರ್ ಗೆರೆ ಇರುವ ಸ್ಲೈಡಿನ ಮೇಲೆ ಮಿನರಲ್ ಆಯಿಲ್ ಒಂದು ಹನಿ ಇಟ್ಟು, ಅದರೊಳಗೆ ಸೂಜಿಯಿಂದ ಒಂದು ಸಲ ಊದಬೇಕು. ಫೀನಾಲ್ ರೆಡ್ ಬೆರೆಸಿರುವುದರಿಂದ ಹನಿ ಕೆಂಪಗೆ ದುಂಡಗೆ ತೇಲುತ್ತದೆ. ಅದರ ಅಡ್ಡಳತೆ 124 ಮೈಕ್ರೋಮೀಟರ್ ಇದ್ದರೆ ಒಂದು ನ್ಯಾನೋಲೀಟರ್. ಗೋಳದ ಗಾತ್ರ ಅಡ್ಡಳತೆಯ ಘನಕ್ಕೆ ಏರುತ್ತದೆ ಅನ್ನುವುದನ್ನು ಮರೆಯಬಾರದು. 156 ಮೈಕ್ರೋಮೀಟರ್ ಆದರೆ ಡೋಸ್ ಎರಡು ಪಟ್ಟಾಗಿರುತ್ತದೆ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಒಂದೇ ಸೂಜಿಯಲ್ಲಿ ಬಹಳ ಮೊಟ್ಟೆ ಚುಚ್ಚಿದರೆ ತುದಿ ಸವೆಯುತ್ತದೆ, ಕೆಲವೊಮ್ಮೆ ಹಳದಿ ಅಂಟಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಗುಂಪು ಬದಲಾದಾಗಲೆಲ್ಲ ಮತ್ತೆ ಎಣ್ಣೆಯಲ್ಲಿ ಅಳೆಯುತ್ತೇನೆ.

ಚುಚ್ಚುವುದು ಒಂದು ಕೋಶದ ಹಂತದಲ್ಲಿ, ಅಗರೋಸ್ ಅಚ್ಚಿನ ಸಾಲುಗಳಲ್ಲಿ ಮೊಟ್ಟೆ ಕೂರಿಸಿಕೊಂಡು. ಹಳದಿಗೆ ಹಾಕಿದರೂ ಒಳಗಿನ ಹರಿವು ಅದನ್ನು ಕೋಶಕ್ಕೆ ಏರಿಸುತ್ತದೆ. ಆದರೆ ಎಷ್ಟು ಏರಿತು ಅನ್ನುವುದು ಮೊಟ್ಟೆಯಿಂದ ಮೊಟ್ಟೆಗೆ ಬದಲಾಗುತ್ತದೆ. ಅಳತೆಯ ಪ್ರಯೋಗಕ್ಕೆ ನಾನು ಕೋಶದೊಳಗೇ ಹಾಕುತ್ತೇನೆ. ಸಮಯ ಸಾಲದು ಅಂತ ಕೆಲವರು ಮೊಟ್ಟೆಯನ್ನು ತಣ್ಣಗಿಟ್ಟು ವಿಭಜನೆ ತಡಮಾಡುತ್ತಾರೆ. ಬೇರೆ ಕೆಲಸಕ್ಕೆ ಪರವಾಗಿಲ್ಲ, ಈ ಕೆಲಸಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮೊದಲ ಪರೀಕ್ಷೆ ರಿಪೋರ್ಟರ್, ಅಂದರೆ ಹೊಳಪಿನಿಂದ ಫಲಿತಾಂಶ ತೋರಿಸುವ ಕೃತಕ ಸಂದೇಶ. ಹಸಿರು ಹೊಳೆಯುವ ಜಿಎಫ್‌ಪಿಯ ಸಂದೇಶಕ್ಕೆ ನಮ್ಮ ಜೀನ್‌ನ ಯುಟಿಆರ್ ಜೋಡಿಸಿದೆ. ಇನ್ನೊಂದರಲ್ಲಿ ಅದೇ ಯುಟಿಆರ್, ಆದರೆ ಸೀಡ್ ಕೂರುವ ಜಾಗದ ನಡುವಿನ ಎರಡು ಅಕ್ಷರ ಬದಲಾಯಿಸಿದ್ದು. ಎರಡಕ್ಕೂ ಜೊತೆಯಲ್ಲಿ ಕೆಂಪು ಹೊಳೆಯುವ, ಬೇರೆ ಯುಟಿಆರ್ ಇರುವ ಸಂದೇಶವನ್ನು ಒಂದೇ ಪ್ರಮಾಣದಲ್ಲಿ ಬೆರೆಸಿದೆ. ಹನಿ ಚಿಕ್ಕದಾಗಿದ್ದರೆ ಕೆಂಪೂ ಕಡಿಮೆಯಾಗುತ್ತದೆ, ಹಾಗಾಗಿ ಹಸಿರು ಮತ್ತು ಕೆಂಪಿನ ಅನುಪಾತ ನೋಡಿದರೆ ಸಾಕು. ಮರುದಿನ ಫ್ಲೋರೊಸೆನ್ಸ್ ಮೈಕ್ರೋಸ್ಕೋಪಿನಲ್ಲಿ ವ್ಯತ್ಯಾಸ ಚೆನ್ನಾಗಿ ಕಂಡಿತು. ಮಾಮೂಲಿ ಯುಟಿಆರ್ ಇದ್ದವು ಮಂಕು, ಜಾಗ ಕೆಡಿಸಿದ್ದವು ಹಸಿರು.

ಇದು ಚಂದದ ಚಿತ್ರ ಕೊಡುತ್ತದೆ, ಸೆಮಿನಾರಿನಲ್ಲಿ ಎಲ್ಲರಿಗೂ ಇಷ್ಟವಾಗುತ್ತದೆ. ನಾನು ಮಾತ್ರ ಇದಕ್ಕೆ ಕಡಿಮೆ ಅಂಕ ಕೊಡುತ್ತೇನೆ. ನಾವು ಚುಚ್ಚಿದ ಸಂದೇಶ ತಾಯಿ ಇಟ್ಟ ಸಂದೇಶ ಅಲ್ಲ. ಅದು ಕೊಳವೆಯಲ್ಲಿ ತಯಾರಾದದ್ದು, ಅದರ ಮೇಲೆ ಮೊಟ್ಟೆಯಲ್ಲಿ ಅಂಟುವ ಪ್ರೋಟೀನ್‌ಗಳು ಅದೇ ಕ್ರಮದಲ್ಲಿ ಅಂಟಿರುವುದಿಲ್ಲ. ಜೊತೆಗೆ ಜಿಎಫ್‌ಪಿ ಪ್ರೋಟೀನ್ ಬೇಗ ಕರಗುವುದಿಲ್ಲ. ಮಿರ್-430 ಬರುವ ಮೊದಲು ತಯಾರಾದ ಹಸಿರು ಮರುದಿನವೂ ಹೊಳೆಯುತ್ತಲೇ ಇರುತ್ತದೆ. ಡೋಸ್ ಜಾಸ್ತಿ ಮಾಡಿದಷ್ಟೂ ವ್ಯತ್ಯಾಸ ಕರಗುತ್ತದೆ. ಆ ಯುಟಿಆರ್‌ನಲ್ಲಿ ಆ ಜಾಗಕ್ಕೆ ಶಕ್ತಿ ಇದೆ ಅಂತ ರಿಪೋರ್ಟರ್ ಹೇಳುತ್ತದೆ. ನಿಜವಾದ ಸಂದೇಶಕ್ಕೆ ಏನಾಗುತ್ತಿದೆ ಅಂತ ಅದು ಹೇಳುವುದಿಲ್ಲ.

ನಿಜವಾದ ಸಂದೇಶ ಅಳೆಯಲು ಆರ್‌ಎನ್‌ಎ ತೆಗೆಯಬೇಕು. ಇಲ್ಲಿ ಎರಡು ಸಣ್ಣ ವಿಷಯಗಳು. ಮೆಸೆಂಜರ್‌ಗಾಗಿ ಮಾಡಿದ ಹಲವು ಕಾಲಂ ಕಿಟ್‌ಗಳು 200 ಅಕ್ಷರಕ್ಕಿಂತ ಚಿಕ್ಕದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಮೈಕ್ರೋ ಆರ್‌ಎನ್‌ಎ ನೇರ ಚರಂಡಿಗೆ ಹೋಗುತ್ತದೆ. ಆರ್‌ಎನ್‌ಎ ಬಿಡಿಸುವ ಟ್ರೈಜಾಲ್ ದ್ರಾವಣ ಹಾಕಿ, ಐಸೊಪ್ರೊಪನಾಲಿನಲ್ಲಿ ತಂಪಾಗಿ ಕೂರಿಸಿ, ಸ್ವಲ್ಪ ಗ್ಲೈಕೋಜನ್ ಸೇರಿಸಿ, 70ರ ಬದಲು 80 ಪರ್ಸೆಂಟ್ ಎಥನಾಲಿನಲ್ಲಿ ತೊಳೆದರೆ ಚಿಕ್ಕವೂ ಉಳಿಯುತ್ತವೆ. ಎಳೆಯ ಭ್ರೂಣದಲ್ಲಿ ಹಳದಿಯ ಪ್ರೋಟೀನ್ ವಿಪರೀತ, ಹಾಗಾಗಿ ಕ್ಲೋರೋಫಾರ್ಮ್ ಎರಡು ಸಲ.

ಎರಡನೆಯದು ಇನ್ನೂ ಮುಖ್ಯ, ಮತ್ತು ಹೊಸಬರಿಗೆ ಯಾರೂ ಹೇಳುವುದಿಲ್ಲ. ಅಳೆಯಲು ಆರ್‌ಎನ್‌ಎಯ ಡಿಎನ್‌ಎ ನಕಲು, ಅಂದರೆ ಸಿಡಿಎನ್‌ಎ, ಮಾಡುವಾಗ ನಕಲು ಶುರುಮಾಡುವ ತುಣುಕಾಗಿ ಓಲಿಗೊ-ಡಿಟಿ ಪ್ರೈಮರ್ ಬಳಸುವುದು ಹಲವು ಲ್ಯಾಬ್‌ಗಳ ರೂಢಿ. ಅದು ಅಂಟುವುದು ಪಾಲಿ-ಎ ಬಾಲಕ್ಕೆ. ಈ ಭ್ರೂಣದಲ್ಲಿ ಬದಲಾಗುತ್ತಿರುವುದೇ ಬಾಲ! ಮೊದಲ ಗಂಟೆಗಳಲ್ಲಿ ತಾಯಿಯ ಎಷ್ಟೋ ಸಂದೇಶಗಳ ಬಾಲ ಉದ್ದವಾಗುತ್ತದೆ, ಆಮೇಲೆ ಮಿರ್-430 ಅದನ್ನು ಮೊಟಕು ಮಾಡಿಸುತ್ತದೆ. ಬಾಲ ಹೋದ ಸಂದೇಶ ಇನ್ನೂ ಟ್ಯೂಬಿನಲ್ಲಿ ಇದ್ದರೂ ಓಲಿಗೊ-ಡಿಟಿ ಅದನ್ನು ಕಾಣುವುದಿಲ್ಲ. ನಾನು ರ‍್ಯಾಂಡಮ್ ಹೆಕ್ಸಾಮರ್ ಬಳಸುತ್ತೇನೆ, ಅದು ಸಂದೇಶದ ಉದ್ದಕ್ಕೂ ಎಲ್ಲಿ ಬೇಕಾದರೂ ಅಂಟುತ್ತದೆ. ಬಾಲದ ಉದ್ದ ಬೇಕೆಂದರೆ ಅದನ್ನು ಬೇರೆ ಪರೀಕ್ಷೆಯಲ್ಲಿ ಅಳೆಯುತ್ತೇನೆ. ಎರಡನ್ನೂ ಒಂದೇ ಸಂಖ್ಯೆಯಲ್ಲಿ ಬೆರೆಸಿದರೆ ಏನೂ ಅರ್ಥವಾಗುವುದಿಲ್ಲ. ನಾಲ್ಕು ಗಂಟೆಯ ಸುಮಾರಿಗೆ ಮಿರ್-430 ಮೊದಲು ಪ್ರೋಟೀನ್ ತಯಾರಿಯನ್ನು ತಗ್ಗಿಸುತ್ತದೆ, ಸಂದೇಶ ಕಳಚುವುದು ಅದರ ನಂತರ ಅಂತ 2012ರಲ್ಲಿ ರೈಬೋಸೋಮ್‌ಗಳ ಅಳತೆಯಿಂದ ಗೊತ್ತಾಯಿತು. ಹಾಗಾಗಿ ನಾಲ್ಕು ಗಂಟೆಯಲ್ಲಿ ಸಂದೇಶದ ಪ್ರಮಾಣ ಬದಲಾಗಿಲ್ಲ ಅಂದ ಮಾತ್ರಕ್ಕೆ ಮಿರ್-430 ಮುಟ್ಟಿಲ್ಲ ಅನ್ನಲು ಬರುವುದಿಲ್ಲ.

ಮಿರ್-430 ಬಂದಿದೆಯೇ ಅಂತ ನೋಡಲು ನಾರ್ದರ್ನ್, ಅಂದರೆ ಜೆಲ್‌ನಲ್ಲಿ ಆರ್‌ಎನ್‌ಎಯನ್ನು ಉದ್ದದ ಪ್ರಕಾರ ಬೇರ್ಪಡಿಸಿ ಗುರುತಿಸುವ ಪರೀಕ್ಷೆ, ಮಾಡುವುದು ನನಗೆ ಈಗಲೂ ಇಷ್ಟ. 15 ಪರ್ಸೆಂಟ್ ಯೂರಿಯಾ ಅಕ್ರಿಲಮೈಡ್ ಜೆಲ್ ಹಾಕಿದರೆ ಬ್ರೋಮೋಫೀನಾಲ್ ನೀಲಿ ಸುಮಾರು 10 ಅಕ್ಷರದ ತುಣುಕಿನ ಜೊತೆ, ಕ್ಸೈಲೀನ್ ಸಯನಾಲ್ ಸುಮಾರು 40ರ ಜೊತೆ ಓಡುತ್ತದೆ. ನಮ್ಮ 22 ಅಕ್ಷರದ್ದು ಆ ಎರಡು ಬಣ್ಣಗಳ ನಡುವೆ ಎಲ್ಲೋ ಇರುತ್ತದೆ. ಎರಡು ಗಂಟೆಯ ಭ್ರೂಣದಲ್ಲಿ ಅಲ್ಲಿ ಏನೂ ಕಾಣಲಿಲ್ಲ. ಆರು ಗಂಟೆಯದರಲ್ಲಿ ಕಪ್ಪು ಪಟ್ಟಿ. ಸಂಖ್ಯೆ ಬೇಕಾದಾಗ ಸ್ಟೆಮ್-ಲೂಪ್ ಪ್ರೈಮರ್ ಹಾಕಿ, ಪ್ರಮಾಣ ಅಳೆಯುವ ಕ್ಯೂಪಿಸಿಆರ್ ಮಾಡುತ್ತೇನೆ. ಯಾವುದಕ್ಕೆ ಹೋಲಿಸುವುದು ಅನ್ನುವುದು ಅಲ್ಲಿನ ತಲೆನೋವು, ಯಾಕೆಂದರೆ ಈ ಗಂಟೆಗಳಲ್ಲಿ ಭ್ರೂಣದ ಎಷ್ಟೋ ಆರ್‌ಎನ್‌ಎಗಳ ಪ್ರಮಾಣ ಬದಲಾಗುತ್ತಿರುತ್ತದೆ. ಮೀನಿನಲ್ಲಿ ಇಲ್ಲದ, ಹುಳುವಿನ ಮಿರ್-39ನ್ನು ಗೊತ್ತಿರುವ ಪ್ರಮಾಣದಲ್ಲಿ ಟ್ರೈಜಾಲಿಗೆ ಸೇರಿಸಿ ಅದಕ್ಕೆ ಹೋಲಿಸುವುದು ಒಳ್ಳೆಯದು. ಭ್ರೂಣಗಳು ಟ್ರೈಜಾಲಿನಲ್ಲಿ ಪೂರ್ತಿ ಕರಗಿದ ಮೇಲೇ ಅದನ್ನು ಸೇರಿಸಬೇಕು.

ಮುಂದೆ, ಸಂದೇಶ ಇಳಿಯುವುದಕ್ಕೆ ಭ್ರೂಣದ ಹೊಸ ಜೀನ್‌ಗಳು ಬೇಕೇ ಬೇಕಾ ಅನ್ನುವ ಪ್ರಶ್ನೆ. ಆಲ್ಫಾ-ಅಮಾನಿಟಿನ್ ಎಂಬ ಅಣಬೆಯ ವಿಷ ಚುಚ್ಚಿದರೆ ಹೊಸ ಮೆಸೆಂಜರ್ ತಯಾರಿ ನಿಲ್ಲುತ್ತದೆ, ಮಿರ್-430 ಕೂಡ ಬರುವುದಿಲ್ಲ. ಭ್ರೂಣ ಸ್ಫಿಯರ್ ಹಂತದಲ್ಲಿ ನಿಂತುಬಿಡುತ್ತದೆ. ನಮ್ಮ ಸಂದೇಶ ಅಲ್ಲಿ ಬಹುಪಾಲು ಉಳಿಯಿತು, ಎಲ್ಲ ಉಳಿಯಲಿಲ್ಲ. ಅಂದರೆ ಒಂದು ಪಾಲನ್ನು ತಾಯಿಯೇ ಇಟ್ಟ ಬೇರೆ ಏರ್ಪಾಡು ತೆಗೆಯುತ್ತಿತ್ತು. ಅಂಥ ಏರ್ಪಾಡುಗಳು ಗೊತ್ತಿರುವಂಥವೇ: ಸಂದೇಶದ ಮೂರಕ್ಷರದ ಪದಗಳಾದ ಕೋಡಾನ್‌ಗಳ ಆಯ್ಕೆಗೆ ತಕ್ಕಂತೆ ಸಂದೇಶದ ಆಯುಸ್ಸು ಬದಲಾಗುತ್ತದೆ, ಎಂ6ಎ ಎಂಬ ರಾಸಾಯನಿಕ ಗುರುತು ಇರುವ ಸಂದೇಶಗಳನ್ನು ವೈಟಿಎಚ್‌ಡಿಎಫ್2 ಎಂಬ ಪ್ರೋಟೀನ್ ಗುರುತಿಸಿ ತೆಗೆಯುತ್ತದೆ.

ಡೈಸರ್ ಇಲ್ಲದ ಭ್ರೂಣ ಬಳಸುವುದು ಇನ್ನೊಂದು ದಾರಿ. ಮಾಡುವುದು ಸಣ್ಣ ಕೆಲಸ ಅಲ್ಲ. ಡೈಸರ್ ಇಲ್ಲದ ಮೀನು ದೊಡ್ಡದಾಗುವವರೆಗೆ ಬದುಕುವುದಿಲ್ಲ. ಆದ್ದರಿಂದ ಮಾಮೂಲಿ ಭ್ರೂಣದ ಸ್ವಂತ ಲಿಂಗಕೋಶಗಳನ್ನು ಡೆಡ್ ಎಂಡ್ ಜೀನ್‌ನ ಮಾರ್ಫೊಲಿನೊ (ಒಂದು ಸಂದೇಶಕ್ಕೆ ಅಂಟಿ ಅದನ್ನು ತಡೆಯುವ ಕೃತಕ ತುಣುಕು) ಹಾಕಿ ಇಲ್ಲವಾಗಿಸಿ, ಡೈಸರ್ ಇಲ್ಲದ ಭ್ರೂಣದ ಲಿಂಗಕೋಶಗಳನ್ನು ಕಸಿ ಮಾಡಬೇಕು. ಅಂಥ ಮೀನು ದೊಡ್ಡದಾದ ಮೇಲೆ ಇಡುವ ಮೊಟ್ಟೆಗಳಲ್ಲಿ ಡೈಸರ್ ಇರುವುದಿಲ್ಲ. ನಮಗೆ ಆ ಮೀನುಗಳು ಬೇರೆ ಗುಂಪಿನಿಂದ ಸಿಕ್ಕವು, ಕಸಿಯ ಕಷ್ಟ ತಪ್ಪಿತು. ಅವುಗಳಲ್ಲಿ ನಮ್ಮ ಸಂದೇಶ ಆರು ಗಂಟೆಯಲ್ಲೂ ಇತ್ತು. ಎರಡೆಳೆಗಳ ಮಿರ್-430 ಚುಚ್ಚಿದಾಗ ಇಳಿಯಿತು.

ಇಷ್ಟಕ್ಕೇ ಮುಗಿಸಬಹುದಲ್ಲ ಅಂತ ಅನ್ನಿಸುವುದು ಸಹಜ. ನನಗೆ ಸಾಲಲಿಲ್ಲ. ಡೈಸರ್ ತೆಗೆದರೆ ನೂರಾರು ಸಂದೇಶಗಳು ಒಟ್ಟಿಗೆ ಅಲ್ಲಾಡುತ್ತವೆ. ಅದರಲ್ಲಿ ನಮ್ಮದು ನೇರವಾಗಿ ಅಲ್ಲಾಡಿತೋ, ಪಕ್ಕದವರಿಂದ ಅಲ್ಲಾಡಿತೋ? 2007ರಲ್ಲಿ ಶಿಯರ್ ಲ್ಯಾಬಿನಿಂದಲೇ ಬಂದ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ಭ್ರೂಣದ ಕೋಶಗಳಿಗೆ ಮುಂದೇನಾಗಬೇಕೆಂದು ಹೇಳುವ ನೋಡಲ್ ಸಂಕೇತವನ್ನು ಏರಿಸುವ ಸ್ಕ್ವಿಂಟ್, ಇಳಿಸುವ ಲೆಫ್ಟಿ, ಎರಡೂ ಮಿರ್-430ರ ಗುರಿಗಳು. ಮಿರ್-430ನ್ನೇ ತೆಗೆದರೆ ಎರಡೂ ಏರುತ್ತವೆ, ಕಣ್ಣಿಗೆ ಬೀಳುವುದು ಅವುಗಳ ಜಗ್ಗಾಟದಲ್ಲಿ ಉಳಿದದ್ದು ಮಾತ್ರ. ಅದಕ್ಕೆ ಅವರು ಟಾರ್ಗೆಟ್ ಪ್ರೊಟೆಕ್ಟರ್ ಎಂಬ ಉಪಾಯ ಮಾಡಿದರು. ಒಂದು ಸಂದೇಶದ ಒಂದು ಜಾಗದ ಮೇಲೆ ಮಾತ್ರ ಮಾರ್ಫೊಲಿನೊ ಕೂರಿಸಿ, ಮಿರ್-430 ಅಲ್ಲಿಗೆ ಬರದಂತೆ ತಡೆಯುವುದು. ಉಳಿದ ಎಲ್ಲ ಗುರಿಗಳ ಮೇಲೆ ಮಿರ್-430 ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ.

ನಾನೂ ಅದನ್ನೇ ಮಾಡಿದೆ. 25 ಅಕ್ಷರದ ಮಾರ್ಫೊಲಿನೊ, ಸೀಡ್ ಜಾಗದ ಜೊತೆಗೆ ಅಕ್ಕಪಕ್ಕದ ಯುಟಿಆರ್ ಅಕ್ಷರಗಳನ್ನೂ ಮುಚ್ಚುವಂಥದ್ದು. ಆ ಅಕ್ಕಪಕ್ಕದ ಅಕ್ಷರಗಳಿಂದಲೇ ಅದು ನಮ್ಮ ಜೀನ್‌ಗೆ ಮಾತ್ರ ಹೊಂದುತ್ತದೆ. ಇದಕ್ಕೆ ಕಂಟ್ರೋಲ್‌ಗಳು ಮುಖ್ಯ. ಅದೇ ಯುಟಿಆರ್‌ನಲ್ಲಿ ಸ್ವಲ್ಪ ದೂರದ, ಸಂಬಂಧವಿಲ್ಲದ ಜಾಗಕ್ಕೆ ಇನ್ನೊಂದು ಮಾರ್ಫೊಲಿನೊ ಹಾಕಿದೆ. ಮಿರ್-430 ಅಳಿಸುತ್ತದೆ ಅಂತ ಚೆನ್ನಾಗಿ ಗೊತ್ತಿರುವ ಬೇರೊಂದು ಸಂದೇಶವನ್ನೂ ಅಳೆದೆ, ಅದು ಎಂದಿನಂತೆ ಇಳಿಯಬೇಕು. ಭ್ರೂಣದ ಸ್ವಂತ ಜೀನ್ ಒಂದನ್ನು ವಯಸ್ಸಿನ ಗುರುತಾಗಿ ಇಟ್ಟುಕೊಂಡೆ. ಎರಡು ಗುಂಪಿನಲ್ಲೂ ಅದು ಒಂದೇ ಮಟ್ಟದಲ್ಲಿದ್ದರೆ ಯಾವ ಗುಂಪೂ ಹಿಂದೆ ಬಿದ್ದಿಲ್ಲ ಅಂತ ಅರ್ಥ.

ಮಾರ್ಫೊಲಿನೊ ಬಗ್ಗೆ ಈಗ ಬಹಳ ಜನಕ್ಕೆ ಅನುಮಾನ, ಅದಕ್ಕೆ ಕಾರಣವೂ ಇದೆ. ಎಷ್ಟೋ ಮಾರ್ಫೊಲಿನೊಗಳು ಕೋಶಸಾವಿಗೆ ದಾರಿಮಾಡುವ ಪಿ53 ಪ್ರೋಟೀನನ್ನು ಎಬ್ಬಿಸಿ ನರಕೋಶಗಳನ್ನು ಸಾಯಿಸುತ್ತವೆ, ತಲೆ ಚಿಕ್ಕದಾಗಿ ಬೂದು ಬಣ್ಣಕ್ಕೆ ತಿರುಗುತ್ತದೆ. 2015ರಲ್ಲಿ ಹಲವು ಜೀನ್‌ಗಳ ಮ್ಯುಟೆಂಟ್‌ಗಳನ್ನು (ಜೀನನ್ನೇ ಕೆಡಿಸಿದ ಮೀನುಗಳನ್ನು) ಮಾರ್ಫೊಲಿನೊ ಫಲಿತಾಂಶದ ಜೊತೆ ಹೋಲಿಸಿದಾಗ ಬಹುಪಾಲು ಹೊಂದಲಿಲ್ಲ. ಆದರೆ ಅದೇ ವರ್ಷ, ಮ್ಯುಟೆಂಟಿನಲ್ಲಿ ಬೇರೆ ಜೀನ್‌ಗಳು ಮೇಲೆದ್ದು ಕೊರತೆ ತುಂಬುವುದೂ ಉಂಟು ಅಂತ ಗೊತ್ತಾಯಿತು. ಎರಡೂ ಕಡೆ ಜಾರುವ ನೆಲ ಇದೆ. ನಾನು ಆಕಾರದ ಮೇಲೆ ತೀರ್ಮಾನ ಮಾಡುತ್ತಿರಲಿಲ್ಲ, ಆರು ಗಂಟೆಯಲ್ಲಿ ಒಂದು ಸಂದೇಶ ಅಳೆಯುತ್ತಿದ್ದೆ. ಅಷ್ಟಕ್ಕೆ ಕಡಿಮೆ ಡೋಸ್ ಸಾಕಿತ್ತು.

ಶೀಲ್ಡ್ ಹಂತದಲ್ಲಿ ಪ್ರೊಟೆಕ್ಟರ್ ಹಾಕಿದ ಭ್ರೂಣಗಳಲ್ಲಿ ನಮ್ಮ ಸಂದೇಶ ಉಳಿದಿತ್ತು. ದೂರದ ಜಾಗಕ್ಕೆ ಹಾಕಿದವುಗಳಲ್ಲಿ ಹೋಗಿತ್ತು. ವಯಸ್ಸಿನ ಗುರುತು ಎರಡರಲ್ಲೂ ಸಮ. ಇಷ್ಟು ಬಂದಾಗ ನಾನು ಹೌದು, ಇದು ಮಿರ್-430ರ ನೇರ ಗುರಿ ಅಂತ ಒಪ್ಪಿಕೊಂಡೆ. ಆದರೆ ಹತ್ತು ಗಂಟೆಯ ಭ್ರೂಣದಲ್ಲಿ ಪ್ರೊಟೆಕ್ಟರ್ ಇದ್ದರೂ ಸಂದೇಶ ಹೆಚ್ಚುಕಡಿಮೆ ಖಾಲಿ. ಅಮಾನಿಟಿನ್ ಪ್ರಯೋಗದಲ್ಲಿ ಇಣುಕಿದ್ದ ಆ ಬೇರೆ ಏರ್ಪಾಡು ನಿಧಾನವಾಗಿಯಾದರೂ ಕೆಲಸ ಮುಗಿಸಿತ್ತು. ಒಂದು ದಿನದ ಭ್ರೂಣ ನೋಡಲು ಪೂರ್ತಿ ಮಾಮೂಲಿ. ಹೃದಯ ಬಡಿಯುತ್ತಿತ್ತು, ಬಾಲ ಆಡಿಸುತ್ತಿತ್ತು.

ಏನೂ ಕಾಣದಿದ್ದರೆ ಇದನ್ನು ಪ್ರಕಟಿಸುವುದಾದರೂ ಯಾಕೆ ಅಂತ ಗುಂಪಿನಲ್ಲೇ ಕೇಳಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೈಕ್ರೋ ಆರ್‌ಎನ್‌ಎಗಳ ಬಹುಪಾಲು ಗುರಿಗಳು ಹೀಗೇ ಇರಬಹುದು, ಒಂದೊಂದರಲ್ಲೂ ಕೆಲವು ಗಂಟೆಗಳ ವ್ಯತ್ಯಾಸ ಅಷ್ಟೇ. ನೂರಾರು ಸೇರಿದಾಗ ಮಿದುಳಿನ ಆಕಾರ ಕೆಡುತ್ತದೆ. ದೊಡ್ಡ ಪರಿಣಾಮ ಇರುವ ಒಂದೇ ಗುರಿ ಹುಡುಕಿ ತೋರಿಸಬೇಕೆಂಬ ಹಟದಿಂದ ಈ ಕ್ಷೇತ್ರದಲ್ಲಿ ಬಹಳ ಸಮಯ ಹಾಳಾಗಿದೆ.

ಪಕ್ಕದ ಬೆಂಚಿನವರದ್ದು ಇದಕ್ಕಿಂತ ಸುಲಭ ಅಂತ ಆಗಾಗ ಅನ್ನಿಸುತ್ತದೆ. ಎಲ್‌ಎನ್‌ಎ ಪ್ರೋಬ್ ಹಾಕಿ ಇನ್ ಸೀಟು ಮಾಡಿದರೆ, ಅಂದರೆ ಇಡೀ ಭ್ರೂಣದಲ್ಲಿ ಆರ್‌ಎನ್‌ಎ ಇರುವ ಜಾಗಕ್ಕೇ ಬಣ್ಣ ಬರಿಸಿದರೆ, ಮಿರ್-124 ನರಮಂಡಲದಲ್ಲಿ, ಮಿರ್-206 ಸ್ನಾಯುವಿನಲ್ಲಿ ನೇರಳೆ ಬಣ್ಣಕ್ಕೆ ಬರುತ್ತದೆ, ನೋಡಿದವರೆಲ್ಲ ವಾಹ್ ಅನ್ನುತ್ತಾರೆ. ಮಿರ್-430 ಆರಂಭದ ಭ್ರೂಣದಲ್ಲಿ ಎಲ್ಲ ಕಡೆಯೂ ಇರುವುದರಿಂದ ಬರುವುದು ಒಂದು ನೇರಳೆ ಗುಂಡು ಮಾತ್ರ.

ಈಗ ಮಾರ್ಫೊಲಿನೊ ಬಿಟ್ಟು ಜಾಗವನ್ನೇ ಜೀನೋಮಿನಲ್ಲಿ ಜೀನ್ ಕತ್ತರಿ ಕ್ರಿಸ್ಪರ್‌ನಿಂದ ತಿದ್ದಿದ್ದೇವೆ. ತಿದ್ದುಪಡಿ ತಾಯಿಯಲ್ಲಿರಬೇಕು, ಯಾಕೆಂದರೆ ಮೊಟ್ಟೆಯ ಸಂದೇಶ ಬರುವುದು ಅವಳ ಜೀನಿನಿಂದ. ಒಂದು ಪೀಳಿಗೆ ಮೊಟ್ಟೆ ಇಡುವಷ್ಟು ದೊಡ್ಡದಾಗಲು ಸುಮಾರು ಮೂರು ತಿಂಗಳು ಬೇಕು. ಎರಡೂ ಪ್ರತಿ ತಿದ್ದಿದ ಹೆಣ್ಣು ಬರುವವರೆಗೆ ಕಾಯೋಣ ಅಂತ ಮೊದಲು ಯೋಜನೆ ಇತ್ತು. ಆದರೆ ಒಂದು ಪ್ರತಿ ಮಾತ್ರ ತಿದ್ದಿದ ಹೆಣ್ಣೇ ನನಗೆ ಹೆಚ್ಚು ಉಪಯೋಗ ಅನ್ನಿಸುತ್ತಿದೆ. ಅವಳ ಪ್ರತಿ ಮೊಟ್ಟೆಯಲ್ಲೂ ತಿದ್ದಿದ ಸಂದೇಶ, ತಿದ್ದದ ಸಂದೇಶ ಎರಡೂ ಇರುತ್ತವೆ. ಮಾಮೂಲಿ ಗಂಡಿನ ಜೊತೆ ಬಿಟ್ಟು, ಆರು ಗಂಟೆಯಲ್ಲಿ ಸೀಕ್ವೆನ್ಸ್ ಮಾಡಿ ಯಾವುದು ಎಷ್ಟು ಉಳಿದಿದೆ ಅಂತ ಎಣಿಸಿದರಾಯಿತು. ಭ್ರೂಣ ನಿಧಾನವಾಗಿದ್ದರೆ ಎರಡಕ್ಕೂ ನಿಧಾನ, ಹನಿ ದೊಡ್ಡದು ಚಿಕ್ಕದು ಅನ್ನುವ ಮಾತೇ ಇಲ್ಲ. ಆ ಹೆಣ್ಣುಗಳು ಈಗ ದೊಡ್ಡ ತೊಟ್ಟಿಗೆ ಬಂದಿವೆ.